ಮತದಾರನ ಹೊಣೆ: ಏಕೀಕರಣದ ದಿನಗಳ ಒಂದು ನೋಟ

ಕರ್ನಾಟಕದ ಏಕೀಕರಣವನ್ನು ಕುರಿತು ಬರೆಯುವವರು ಆಲೂರು ವೆಂಕಟರಾಯರಿಂದ ಆರಂಭಿಸಿ, 1956ರ ನವೆಂಬರ್ 1ಕ್ಕೆ ಬಂದು, ಜಯಘೋಷದೊಡನೆ ಮುಗಿಸುವುದು ವಾಡಿಕೆ. ನಡುವಿನ ಒಂದು ಕಹಿ ಪ್ರಸಂಗವನ್ನು ಅವರು ದಾಟಿಹೋಗುತ್ತಾರೆ.

ಹಳೆಯ ಮೈಸೂರಿನ ಅನೇಕ ರಾಜಕಾರಣಿಗಳು ಏಕೀಕರಣವನ್ನು ವಿರೋಧಿಸಿದರು. ಮುಂದುವರಿದ ಸಂಸ್ಥಾನದ ಮೇಲೆ ಹಿಂದುಳಿದ ಪ್ರದೇಶಗಳ ಭಾರ ಬೀಳುವುದೆಂಬ ಆರ್ಥಿಕ ವಾದವಿದ್ದಿತು. ಅದು ವಿಚಾರಾರ್ಹವೇ ಸರಿ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ನಡೆದಿತ್ತು. ಮುಂಬಯಿ, ಹೈದರಾಬಾದು ರಾಜ್ಯಗಳ ಕನ್ನಡ ಜಿಲ್ಲೆಗಳು ಬಂದು ಸೇರಿದರೆ ಲಿಂಗಾಯತರ ಪ್ರಾಬಲ್ಯವಾಗುವುದು, ಒಕ್ಕಲಿಗರ ಕೈ ಕೆಳಗಾಗುವುದು ಎಂಬುದೇ ಆ ಮಾತು. ನುಡಿ ಒಂದೇ ಆದರೂ ನೆರೆಯವರು ಬೇಡವಾಗುವುದಕ್ಕೆ ಅವರ ಹುಟ್ಟೇ ಸಾಕಾಯಿತು. 1955ರಲ್ಲಿ ವರದಿಯಿತ್ತ ಫಜಲ್ ಅಲಿ ಆಯೋಗವು ಈ ಭೀತಿಯನ್ನು ನೇರವಾಗಿ ಪರಿಶೀಲಿಸಿತು. ಹೊಸ ರಾಜ್ಯದಲ್ಲಿ ಲಿಂಗಾಯತರು ನೂರಕ್ಕೆ 20ಕ್ಕಿಂತ ತುಸು ಹೆಚ್ಚು ಮಾತ್ರ, ಯಾವ ಒಂದು ಕೋಮೂ ತಾನೇ ತಾನಾಗಿ ಮೆರೆಯಲಾರದು ಎಂದು ಅದು ಅಭಿಪ್ರಾಯಪಟ್ಟಿತು.

ಆಗ ಮುಖ್ಯಮಂತ್ರಿಗಳಾಗಿದ್ದವರು ರಾಮನಗರ ಸೀಮೆಯ ಕೆಂಗಲ್ ಹನುಮಂತಯ್ಯನವರು. ಒಕ್ಕಲಿಗ ಕುಲದಲ್ಲಿ ಜನಿಸಿದ ಅವರು ತಮ್ಮವರಲ್ಲಿ ಅನೇಕರ ಅಸಮಾಧಾನವನ್ನು ಕಟ್ಟಿಕೊಂಡು ಏಕೀಕರಣದ ಪರವಾಗಿ ನಿಂತರು. 1956ರ ಆಗಸ್ಟಿನಲ್ಲಿ ಸ್ವಪಕ್ಷದ ಶಾಸಕರ ವಿಶ್ವಾಸವನ್ನು ಕಳೆದುಕೊಂಡು ಅಧಿಕಾರ ಬಿಟ್ಟರು. ಅದಕ್ಕೆ ಬೇರೆ ಕಾರಣಗಳೂ ಇದ್ದವೆನ್ನಿ.

ಇಲ್ಲಿಯವರೆಗಿನ ಕಥೆ ನಮಗೆ ಹಿತವಾಗಿಯೇ ಇದೆ. ಮುಂದಿನದನ್ನೂ ಓದಬೇಕು. 1956ರಿಂದ 1971ರವರೆಗೆ ಮುಖ್ಯಮಂತ್ರಿಗಳಾದ ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ, ಎಲ್ಲರೂ ನಮ್ಮ ಸಮಾಜದವರು. ಅವರ ಯೋಗ್ಯತೆಯ ಪ್ರಶ್ನೆ ಇಲ್ಲಿಲ್ಲ. ಆದರೆ ‘ಇವನು ನಮ್ಮವನು’ ಎಂಬುದೊಂದನ್ನೇ ನೋಡಿ ನಾವು ಮತವಿತ್ತಾಗಲೆಲ್ಲ, ಹಿಂದೆ ನಮ್ಮನ್ನು ಕಂಡು ಅಂಜಿದವರ ಕೈಗೆ ಸಾಕ್ಷ್ಯವನ್ನು ಒದಗಿಸಿದಂತಾಗಲಿಲ್ಲವೇ? ನಮ್ಮ ವಿಷಯದಲ್ಲಿ ಪೂರ್ವಗ್ರಹವನ್ನು ಆಡಿದವನನ್ನು ನಾವು ತಟ್ಟನೆ ಗುರುತಿಸುತ್ತೇವೆ. ನಮ್ಮವನೇ ದಲಿತರನ್ನೋ ಮುಸಲ್ಮಾನರನ್ನೋ ಜರೆದರೆ, “ಮಾತು ಒರಟು, ಕೆಲಸಗಾರ” ಎಂದು ಸಮಾಧಾನ ತಂದುಕೊಳ್ಳುತ್ತೇವೆ. ಅನುಭವ ಮಂಟಪದ ಹೆಸರು ಹೇಳುವವರಿಗೆ ಈ ಸಮಾಧಾನವು ಶೋಭಿಸದು.

ಕಾನೂನು ತನ್ನ ಪಾಲಿನದನ್ನು ಮಾಡಿದೆ. ಜಾತಿ, ಧರ್ಮ, ಭಾಷೆಗಳ ಹೆಸರಿನಲ್ಲಿ ಮತ ಯಾಚಿಸುವುದು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 123ನೆಯ ಪ್ರಕರಣದಂತೆ ಭ್ರಷ್ಟಾಚರಣೆ. ಅಭ್ಯರ್ಥಿಯ ಜಾತಿಯಷ್ಟೇ ಅಲ್ಲ, ಮತದಾರನ ಜಾತಿಯನ್ನು ಎತ್ತಿ ಕೇಳುವುದೂ ಇದರಲ್ಲಿ ಸೇರುವುದೆಂದು 2017ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠವು ನಾಲ್ಕು–ಮೂರರ ಬಹುಮತದಿಂದ ತೀರ್ಪಿತ್ತಿತು. ಆದರೆ ಈ ಕಟ್ಟು ಅಭ್ಯರ್ಥಿಗೆ ಮತ್ತು ಅವನ ಕಡೆಯವರಿಗೆ. ಮತಗಟ್ಟೆಯ ಮರೆಯಲ್ಲಿ ನಿಂತ ಮತದಾರನ ಅಂತರಂಗವನ್ನು ಯಾವ ನ್ಯಾಯಾಲಯವೂ ವಿಚಾರಿಸದು. ಅಲ್ಲಿ ಅವನೇ ಆರೋಪಿ, ಅವನೇ ನ್ಯಾಯಾಧೀಶ.

ಕೆಂಗಲ್ಲರ ಸೀಮೆಯಲ್ಲಿಯೇ ಬಿಡದಿಯ ಸಮೀಪ ಬೈರಮಂಗಲವಿದೆ. ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ವಿಷವನ್ನೂ ಹೊತ್ತ ವೃಷಭಾವತಿಯು ದಶಕಗಳಿಂದ ಅಲ್ಲಿಯ ಕೆರೆಗೆ ಇಳಿದಿದೆ. ಆ ಕಪ್ಪು ನೀರು ಗದ್ದೆಗೆ ನುಗ್ಗುವಾಗ ಒಡೆಯನ ಕುಲವನ್ನು ಕೇಳಿಲ್ಲ. ಒಂದು ಕೇರಿಯವರನ್ನು ಹೀನವೆಂದೆಣಿಸುವವನು ಗೆದ್ದರೆ, ಆ ಕೇರಿಯವರು ಬಾವಿ ಕೆಟ್ಟಿತೆಂದು ಹೇಳಿಕೊಳ್ಳಲು ಯಾರ ಬಾಗಿಲಿಗೆ ಹೋಗಬೇಕು? ಮತ ಕೇಳಲು ಬಂದವನನ್ನು ಬೈರಮಂಗಲದ ಭಕ್ತರು ತಮ್ಮ ಗದ್ದೆಯ ನೀರಿನ ಮಾತಿನೊಡನೆ ಈ ಪ್ರಶ್ನೆಯನ್ನೂ, ಅವನು ತಮ್ಮವನೇ ಆಗಿದ್ದರೂ, ಕೇಳಲಿ.