ಅಜಾತವೆಂಬ ಪದದ ವಿಚಾರವು

ಇಂಗ್ಲಿಷ್ ಭಾಷೆಯ ದೈವಶಾಸ್ತ್ರ ಗ್ರಂಥಗಳಲ್ಲಿ ‘ಅನ್‌ಒರಿಜಿನೇಟ್’ ಎಂಬ ಒಂದು ವಿಶೇಷಣವು ಅಪೂರ್ವವಾಗಿ ಕಾಣಬರುತ್ತದೆ. ಪೇಟೆಯ ಮಾತಿನಲ್ಲಿಯಾಗಲಿ ವರ್ತಮಾನಪತ್ರಗಳಲ್ಲಿಯಾಗಲಿ ಅದು ಕೇಳಬರುವದಿಲ್ಲ. ಯಾವುದಕ್ಕೆ ಮೂಲವೆಂಬುದಿಲ್ಲವೋ, ಯಾವುದು ಮತ್ತೊಂದರಿಂದ ಉಂಟಾದುದಲ್ಲವೋ ಅದನ್ನು ಹೇಳುವದಕ್ಕೋಸ್ಕರ ಪಂಡಿತರು ಆ ಪದವನ್ನು ತೆಗೆದಿರಿಸಿಕೊಂಡಿರುವರು. ನಮ್ಮ ಧಾರವಾಡ ಸೀಮೆಯಲ್ಲಾದರೋ ಇದೇ ಅರ್ಥವುಳ್ಳ ಪದವು ಪಂಡಿತರ ಸೊತ್ತಾಗಿ ಉಳಿಯದೆ ಒಕ್ಕಲುಮಕ್ಕಳ ನಾಲಗೆಯ ಮೇಲೆ ಇರುವದು. ನವಲಗುಂದದ ನಾಗಲಿಂಗ ಸ್ವಾಮಿಗಳನ್ನು ಜನರು ಅಜಾತ ನಾಗಲಿಂಗರೆಂದೇ ಕರೆಯುತ್ತಾರೆ. ಅಜಾತನೆಂದರೆ ಹುಟ್ಟದವನು. ತಾಯಿಯ ಗರ್ಭದಿಂದ ಬಂದ ಮಹಾತ್ಮನೊಬ್ಬನಿಗೆ ಈ ಹೆಸರು ಯಾವ ಅರ್ಥದಲ್ಲಿ ಸಲ್ಲುವದೆಂಬುದನ್ನು ವಿಚಾರಿಸುವದು ಸದ್ಭಕ್ತರಿಗೆ ಅಪ್ರಿಯವಾಗಲಾರದು.

ಮೊದಲು ಪಶ್ಚಿಮದ ಸಂಗತಿಯನ್ನು ನೋಡುವ. ಆ ಇಂಗ್ಲಿಷ್ ಪದದ ಬೆನ್ನಿಗೆ ಎರಡು ಗ್ರೀಕ ಶಬ್ದಗಳಿರುವವು. ಅಗೆನೇತೊಸ್ ಎಂಬುದು ಒಂದು. ಅಗೆನ್ನೇತೊಸ್ ಎಂಬುದು ಇನ್ನೊಂದು. ಮೊದಲನೆಯದು ‘ಉಂಟಾಗದ್ದು’, ಎರಡನೆಯದು ‘ಹೆರಲ್ಪಡದ್ದು’. ನಮ್ಮ ಲಿಪಿಯಲ್ಲಿ ಬರೆದರೆ ನಕಾರದ ಒಂದು ಒತ್ತಿನಷ್ಟೇ ಭೇದವು! ಆದರೆ ಈ ಒತ್ತಿನ ಸಲುವಾಗಿ ಕ್ರೈಸ್ತ ಜಗತ್ತು ನಾಲ್ಕನೆಯ ಶತಮಾನದಲ್ಲೆಲ್ಲ ಕುದಿಯಿತು. ಅಲೆಕ್ಸಾಂಡ್ರಿಯ ಪಟ್ಟಣದ ಏರಿಯಸ್ ಎಂಬ ಪಾದ್ರಿಯು, ತಂದೆಯಾದ ದೇವನೊಬ್ಬನೇ ಮೂಲರಹಿತನು, ಮಗನಿಗೆ ಆರಂಭವುಂಟು, ಆದದರಿಂದ ಮಗನು ತಂದೆಗೆ ಸರಿಸಮಾನನಲ್ಲವೆಂದು ವಾದಿಸಿದನು. ಇ. ಸ. ೩೨೫ರಲ್ಲಿ ನಿಕೇಯದಲ್ಲಿ ನೆರೆದ ಧರ್ಮಸಭೆಯು ಇದನ್ನು ತಳ್ಳಿಹಾಕಿ, ಮಗನು ಹುಟ್ಟಿದವನೇ ಹೊರತು ನಿರ್ಮಿತನಾದವನಲ್ಲವೆಂದು ಗೊತ್ತುಪಡಿಸಿತು. ಹುಟ್ಟುವದು ಬೇರೆ, ಉಂಟಾಗುವದು ಬೇರೆ ಎಂಬ ಸೂಕ್ಷ್ಮವು ಆಗ ಅವರಿಗೆ ಅತ್ಯವಶ್ಯವಾಯಿತು. ಅಥನೇಸಿಯಸನು ಈ ಶಬ್ದವು ತಮ್ಮ ಶಾಸ್ತ್ರದೊಳಗಿನದಲ್ಲ, ಗ್ರೀಕ ತಾರ್ಕಿಕರಿಂದ ಬಂದುದು, ದೇವನನ್ನು ತಂದೆಯೆಂದು ಕರೆಯುವದೇ ಮೇಲೆಂದು ಬರೆದನು. ಮುಂದೆ ಯೂನೋಮಿಯಸ್ ಎಂಬವನು, ಹುಟ್ಟಿಲ್ಲದಿರುವಿಕೆಯೇ ದೇವರ ಸ್ವರೂಪವೆಂದು ಸಾಧಿಸಹೋದಾಗ, ಬೆಸಿಲ್ ಮತ್ತು ಅವನ ತಮ್ಮನಾದ ನಿಸ್ಸದ ಗ್ರೆಗರಿ ಇವರು ಕೊಟ್ಟ ಉತ್ತರವು ಮೆಚ್ಚತಕ್ಕದ್ದಾಗಿರುವದು: ‘ಹುಟ್ಟಿಲ್ಲ’ವೆಂಬ ನುಡಿಯು ದೇವನಲ್ಲಿ ಏನಿಲ್ಲವೆಂಬುದನ್ನು ಹೇಳೀತು, ದೇವನೇನೆಂಬುದನ್ನು ಹೇಳಲಾರದು. ಶೂನ್ಯ, ಬಯಲು, ನಿರಾಳವೆಂಬ ಪದಗಳನ್ನು ಶರಣರ ವಾಣಿಯಲ್ಲಿ ಕೇಳುತ್ತ ಬೆಳೆದವರಿಗೆ ಈ ಉತ್ತರವು ಹೊಸದೆನಿಸದು.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಎಲ್ಲರಿಗೂ ಬಾಯಿಗೆ ಬರುವದು ಅನಾದಿ ಎಂಬ ಪದವು. ಆದರೆ ಇದನ್ನು ಎರಡು ರೀತಿಯಲ್ಲಿ ಬಳಸುತ್ತಿರುವೆವು. ಸಿದ್ಧಾಂತಶೈವರು ಪತಿ, ಪಶು, ಪಾಶ ಈ ಮೂರೂ ಅನಾದಿಯೆನ್ನುವಾಗ ನಿಜವಾಗಿಯೇ ಆರಂಭವಿಲ್ಲವೆಂದು ಅವರ ಅಭಿಪ್ರಾಯ. ಅವುಗಳಲ್ಲಿ ಮಲವು ಆರಂಭವಿಲ್ಲದಿದ್ದರೂ ಶಿವಕೃಪೆಯಿಂದ ಜೀವನನ್ನು ಬಿಟ್ಟುಹೋಗುವದಾದದರಿಂದ, ಮೊದಲಿಲ್ಲದ್ದಕ್ಕೆ ಬಿಡುಗಡೆಯೂ ಇಲ್ಲವೆಂಬ ನಿಯಮವಿಲ್ಲ. ಶಾಸನಗಳಲ್ಲಿಯ ‘ಅನಾದಿಯಗ್ರಹಾರ’ವು ಹಾಗಲ್ಲ. ಯಾವ ಅರಸನು ಎಂದು ದತ್ತಿಬಿಟ್ಟನೆಂಬುದು ನೆನಪಿಗೆ ಮೀರಿದ ಊರೆಂದಷ್ಟೇ ಅಲ್ಲಿಯ ತಾತ್ಪರ್ಯ. ಒಂದರಲ್ಲಿ ಮೊದಲೇ ಇಲ್ಲ. ಇನ್ನೊಂದರಲ್ಲಿ ಮೊದಲು ಮರೆತುಹೋಗಿದೆ. ಮಠಮಾನ್ಯಗಳ ಇತಿಹಾಸವನ್ನು ಬರೆಯುವವರು ಎರಡನೆಯ ಅನಾದಿಯನ್ನು ಮೊದಲನೆಯದೆಂದು ಹೊಗಳುವದುಂಟು. ಅದು ಗುರುಭಕ್ತಿಯಿಂದ ಆಗುವದಾದರೂ ಇತಿಹಾಸಕ್ಕೆ ಸಲ್ಲದು.

ಈ ಮಾತಿಗೆ ಅಣ್ಣಿಗೇರಿಯೇ ಸಾಕ್ಷಿ. ಬೆಳ್ವೊಲ ಮುನ್ನೂರರ ರಾಜಧಾನಿಯೆನಿಸಿದ್ದ ಆ ಊರಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವಿದೆ, ಅದು ಇ. ಸ. ೧೦೫೦ರ ಸುಮಾರಿನದು. ಒಳಗಿನ ಲಿಂಗವು ಯಾವ ತತ್ತ್ವದ ಕುರುಹೋ ಆ ತತ್ತ್ವಕ್ಕೆ ಕಾಲವಿಲ್ಲ, ಕಲ್ಲಿಗಂತೂ ಕಾಲವುಂಟು. ಅದೇ ಊರಿನ ಜೈನ ಬಸದಿಯ ವೃತ್ತಾಂತವನ್ನು ಗಾವರವಾಡದ ಶಾಸನವು ಸ್ಪಷ್ಟವಾಗಿ ಹೇಳಿರುವದು: ಗಂಗ ಪೆರ್ಮಾಡಿಯು ತನ್ನ ತಂದೆ ಬೂತುಗನ ನೆನಪಿಗಾಗಿ ಅದನ್ನು ಕಟ್ಟಿಸಿದನು, ಚೋಳನು ದಂಡೆತ್ತಿ ಬಂದು ಸುಟ್ಟನು, ಇ. ಸ. ೧೦೭೧-೭೨ರಲ್ಲಿ ಮಹಾಮಂಡಲೇಶ್ವರ ಲಕ್ಷ್ಮರಸನು ಜೀರ್ಣೋದ್ಧಾರ ಮಾಡಿದನು. ಕಟ್ಟಿದವನ, ಕೆಡಿಸಿದವನ, ಎತ್ತಿ ನಿಲ್ಲಿಸಿದವನ ಹೆಸರುಗಳೆಲ್ಲ ಉಳಿದಿರುವ ಈ ಬಸದಿಯು ಅನಾದಿಯೆನಿಸಿಕೊಳ್ಳದೆ ಹೋದುದರಿಂದ ಅದಕ್ಕೆ ಏನು ಕಡಿಮೆಯಾಯಿತು?

ಅನಾದಿಯು ಕಾಲವನ್ನು ಕುರಿತ ಪದವಾದರೆ ಅಜಾತವು ಜನ್ಮವನ್ನು ಕುರಿತದ್ದು. ಅದು ಬಹು ಹಳೆಯ ಶಿವನಾಮವು. ಶ್ವೇತಾಶ್ವತರೋಪನಿಷತ್ತಿನಲ್ಲಿ ಅಂಜಿದ ಭಕ್ತನು ರುದ್ರನಿಗೆ ಮರೆಹೊಗುವದು ಅವನು ಅಜಾತನೆಂಬ ಭರವಸೆಯಿಂದಲೇ. ಅದೇ ಶಿವನ ಪಂಚಮುಖಗಳಲ್ಲಿ ಒಂದಕ್ಕೆ ಸದ್ಯೋಜಾತವೆಂದು ಹೆಸರು. ಎಂದರೆ ಈಗತಾನೆ ಹುಟ್ಟಿದ್ದು. ಹುಟ್ಟದವನೂ ಈಗ ಹುಟ್ಟಿದವನೂ ಒಬ್ಬನೇ ಎಂಬಲ್ಲಿ ನಿಕೇಯದ ಪಾದ್ರಿಗಳು ತಡವರಿಸುತ್ತಿದ್ದರೇನೋ. ನಮ್ಮ ಹಿರಿಯರು ತಡವರಿಸಲಿಲ್ಲ.

ನಾಗಲಿಂಗ ಸ್ವಾಮಿಗಳು ೧೯ನೆಯ ಶತಮಾನದವರು, ವಿಶ್ವಕರ್ಮ ಮನೆತನದಲ್ಲಿ ಜನಿಸಿದವರು. ಶಿಶುನಾಳ ಶರೀಫರು (೧೮೧೯-೧೮೮೯), ಗರಗದ ಮಡಿವಾಳಪ್ಪನವರು, ಹುಬ್ಬಳ್ಳಿಯ ಸಿದ್ಧಾರೂಢರು ಅವರ ಸಮಕಾಲೀನರು. ಶರೀಫರು ಮುಸಲ್ಮಾನರ ಮನೆಯಲ್ಲಿ ಹುಟ್ಟಿದವರು. ಅವರ ಗುರುಗಳಾದ ಗೋವಿಂದಭಟ್ಟರು ಕುಂದಗೋಳ ತಾಲೂಕಿನ ಕಳಸದ ಬ್ರಾಹ್ಮಣರು. ಯಾರ ಜನ್ಮವು ಯಾವುದೆಂದು ಕೇಳಿ ಪಂಕ್ತಿ ಕೂಡ್ರಿಸುವ ಆ ಕಾಲದಲ್ಲಿ ಇಂಥವರ ಒಡನಾಟವು ನಡೆಯಿತು. ಇಲ್ಲಿ ವ್ಯಾಕರಣವೂ ನೆರವಾಗುವದು. ಜಾತವೂ ಜಾತಿಯೂ ‘ಜನ್’ ಎಂಬ ಒಂದೇ ಧಾತುವಿನ ಮಕ್ಕಳು. ಜನ್ಮವನ್ನು ನಿರಾಕರಿಸಿದವನು ಜಾತಿಯನ್ನೂ ನಿರಾಕರಿಸಿದಂತೆಯೇ. ನಾಗಲಿಂಗರನ್ನು ಜನರು ಅಜಾತರೆಂದಾಗ ಅವರಿಗೆ ತಾಯಿತಂದೆಗಳಿರಲಿಲ್ಲವೆಂಬ ಭ್ರಮೆ ಯಾರಿಗೂ ಇರಲಾರದು. ಹುಟ್ಟಿನ ಲೆಕ್ಕವು ಈತನಲ್ಲಿ ನಡೆಯದೆಂಬುದೇ ಆ ಹೆಸರಿನ ಹುರುಳೆಂದು ನನ್ನ ಮತವು. ದೀಕ್ಷೆಯಿಂದ ಪೂರ್ವಾಶ್ರಯವು ಅಳಿದು ಮರುಜನ್ಮವಾಯಿತೆಂದು ನಂಬುವ ನಮಗೆ ಇದು ಮನೆಯ ಮಾತೇ ಆಗಿರುವದು. ಪಶ್ಚಿಮದವರು ದೇವನೊಬ್ಬನಿಗೆ ಮೀಸಲಿಟ್ಟು ಕಾದಾಡಿದ ವಿಶೇಷಣವನ್ನು ಇಲ್ಲಿಯ ಹಳ್ಳಿಗರು ಮನುಷ್ಯನಿಗೆ ಧಾರಾಳವಾಗಿ ಕೊಟ್ಟುಬಿಟ್ಟರು.

ಈ ಎರಡು ಲೋಕಗಳು ನವಲಗುಂದದಲ್ಲಿಯೇ ಸಂಧಿಸಿದ ಕುರುಹೂ ಉಂಟು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯು ಬೈಬಲನ್ನು ಕನ್ನಡಿಸಿದ ಮೇಲೆ, ೧೮೩೭ರಿಂದ ಬಾಸೆಲ್ ಮಿಶನ್ನಿನವರು ಧಾರವಾಡದಲ್ಲಿ ನೆಲೆನಿಂತು ಸುತ್ತಲಿನ ಜಾತ್ರೆ ಸಂತೆಗಳಲ್ಲಿ ಬೋಧಿಸತೊಡಗಿದರು. ನಾಗಲಿಂಗರ ಮಠದಲ್ಲಿ ಒಂದು ಬೈಬಲ್ ಇರುವದು. ಸ್ವಾಮಿಗಳು ಅದಕ್ಕೆ ರಂಧ್ರವನ್ನು ಕೊರೆದರೆಂದೂ, ಆ ರಂಧ್ರವು ತಾನೇ ತಾನಾಗಿ ಮುಚ್ಚುತ್ತ ಬರುತ್ತಿದೆಯೆಂದೂ ಭಕ್ತರ ನಂಬಿಕೆ. ವಿವರಗಳು ಹೇಳುವವರ ಬಾಯಿಂದ ಬಾಯಿಗೆ ಬೇರೆಯಾಗುವವು. ಆದದರಿಂದ ಇದನ್ನು ಇತಿಹಾಸವೆನ್ನದೆ ಐತಿಹ್ಯವೆನ್ನುವದೇ ಯೋಗ್ಯವು. ಒಂದನ್ನು ಮಾತ್ರ ಗಮನಿಸಬೇಕು. ಐತಿಹ್ಯದಲ್ಲಿ ಸ್ವಾಮಿಗಳು ಆ ಗ್ರಂಥವನ್ನು ಸುಡಲಿಲ್ಲ, ಬಾವಿಗೆ ಚೆಲ್ಲಲಿಲ್ಲ. ಅವರ ಗದ್ದುಗೆಯ ಮಠದಲ್ಲಿಯೇ ಅದನ್ನು ಜೋಪಾನವಾಗಿ ಕಾದಿಟ್ಟಿದ್ದಾರೆ.