ತಂತಿ ಬಂತು, ಕಂಬಿ ಬರಲಿಲ್ಲ

ಹೊಳವನಹಳ್ಳಿಯ ಟೀ ಅಂಗಡಿಯಲ್ಲಿ ಇಬ್ಬರು ರೈತರು ಎದುರಾದರೆ ಮಳೆಯ ಮಾತು ಮುಗಿದ ಮೇಲೆ ಬರುವ ಪ್ರಶ್ನೆ ಒಂದೇ: 'ತ್ರೀಫೇಸ್ ಎಷ್ಟೊತ್ತಿಗೆ?' ಆವತಿ ವಂಶದ ಬೈರೇಗೌಡರು ಒಂದು ಕಾಲಕ್ಕೆ ಕೋಟೆ ಕಟ್ಟಿ ಆಳಿದ ಊರು ಇದು. ಪಕ್ಕದಲ್ಲೇ ಜಯಮಂಗಲಿ ನದಿ. ನದಿಯ ನೀರು ಬತ್ತಿತು, ಮರಳು ಲಾರಿ ಹತ್ತಿತು. ಈಗ ನೀರೆಂದರೆ ಕೊಳವೆಬಾವಿ, ಕೊಳವೆಬಾವಿಯೆಂದರೆ ಕರೆಂಟು. ನಮ್ಮ ದಾದಿಯ ಕಾಲದಲ್ಲಿ ರಂಜಾನಿನ ಸಹರಿಗೆ ಎಬ್ಬಿಸಲು ಬರುತ್ತಿದ್ದವರ ಕೈಯಲ್ಲಿ ಲಾಟೀನು ಇರುತ್ತಿತ್ತಂತೆ. ಬಿಜ್ಲಿ ಎಂಬುದು ಆಗ ಮಳೆಗಾಲದ ಆಕಾಶದಲ್ಲಿ ಮಾತ್ರ ಕಾಣುವ ವಸ್ತು.

ಕರೆಂಟೆಂದರೆ ನಮಗೆ ಇಂದಿಗೂ ದೀಪ ಮತ್ತು ಪಂಪು. ಆದರೆ ಅದು ಒಂದು ಊರಿನ ಆಕಾರವನ್ನೇ ಬದಲಿಸಬಲ್ಲದು ಎಂಬುದನ್ನು ಜಗತ್ತು ಕಂಡದ್ದು ಅಮೆರಿಕದ ರಿಚ್ಮಂಡ್ ಎಂಬ ನಗರದಲ್ಲಿ. ಅಲ್ಲಿನ ರಸ್ತೆಗಳು ಏರಿಳಿತದವು. ಕುದುರೆ ಎಳೆಯುವ ಟ್ರಾಮುಗಳು ದಿಬ್ಬ ಹತ್ತುವಾಗ ಏದುಸಿರು ಬಿಡುತ್ತಿದ್ದವು. 1888ರಲ್ಲಿ ಫ್ರಾಂಕ್ ಸ್ಪ್ರೇಗ್ ಎಂಬ ಇಂಜಿನಿಯರ್ ರಸ್ತೆಯ ಮೇಲೆ ತಂತಿ ಎಳೆದು, ರಸ್ತೆಯಲ್ಲಿ ಕಂಬಿ ಹಾಸಿ, ಆ ದಿಬ್ಬಗಳ ಮೇಲೆ ವಿದ್ಯುತ್ ಟ್ರಾಮುಗಳನ್ನು ಓಡಿಸಿ ತೋರಿಸಿದ. ಮುಂದಿನ ಕೆಲವೇ ವರ್ಷಗಳಲ್ಲಿ ಅಮೆರಿಕದ ನೂರಾರು ಊರುಗಳು ಅದನ್ನೇ ಅನುಸರಿಸಿದವು. ಅಲ್ಲಿಯವರೆಗೆ ಕೆಲಸದ ಜಾಗಕ್ಕೆ ನಡೆದು ಹೋಗುವಷ್ಟು ದೂರದಲ್ಲೇ ಮನೆ ಇರಬೇಕಿತ್ತು. ಟ್ರಾಮು ಬಂದ ಮೇಲೆ ಐದಾರು ಮೈಲಿ ಆಚೆಯೂ ಮನೆ ಕಟ್ಟಬಹುದಾಯಿತು. ಕಂಬಿ ಹೋದ ಕಡೆಗೆ ಊರು ಬೆಳೆಯಿತು.

ಕಥೆಯ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅದೇ ರಿಚ್ಮಂಡಿನಲ್ಲಿ 1904ರಲ್ಲಿ ಟ್ರಾಮ್ ಕಂಪನಿ ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಸೀಟು ಎಂದಿತು. ಪತ್ರಿಕೆಯ ಸಂಪಾದಕ ಜಾನ್ ಮಿಚೆಲ್, ಬ್ಯಾಂಕ್ ಸ್ಥಾಪಿಸಿದ್ದ ಮ್ಯಾಗಿ ವಾಕರ್ ಮುಂತಾದವರ ಕರೆಗೆ ಓಗೊಟ್ಟು ಕರಿಯರು ಟ್ರಾಮು ಹತ್ತುವುದನ್ನೇ ಬಿಟ್ಟರು, ತಿಂಗಳುಗಟ್ಟಲೆ ನಡೆದರು. ಆ ವರ್ಷವೇ ಕಂಪನಿ ದಿವಾಳಿಯ ಅಂಚಿಗೆ ಬಂತು. ಆದರೆ 1906ರಲ್ಲಿ ಪ್ರತ್ಯೇಕ ಸೀಟು ಆ ರಾಜ್ಯದ ಕಾನೂನೇ ಆಯಿತು. ಎಲ್ಲರ ತಲೆಯ ಮೇಲೂ ಹಾದುಹೋಗುವ ತಂತಿ ಒಂದೇ ಆಗಿದ್ದರೂ ಕೂರುವ ಜಾಗ ಒಂದೇ ಆಗಲಿಲ್ಲ.

ಈಗ ನಮ್ಮ ನಾಡಿಗೆ ಬರೋಣ. ರಿಚ್ಮಂಡಿನ ಟ್ರಾಮು ಓಡಿ ಹದಿನಾಲ್ಕು ವರ್ಷಕ್ಕೆ, 1902ರ ಜೂನ್ 30ರಂದು, ಕಾವೇರಿಯ ಶಿವನಸಮುದ್ರದಿಂದ ಹೊರಟ ವಿದ್ಯುತ್ತು 92 ಮೈಲಿ, ಎಂದರೆ ಸುಮಾರು 148 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ತಲುಪಿತು. ಅಷ್ಟು ದೂರದ ತಂತಿ ಆಗ ಜಗತ್ತಿನಲ್ಲೇ ಅಪರೂಪ. ದಿವಾನ್ ಶೇಷಾದ್ರಿ ಅಯ್ಯರ್ ಈ ಯೋಜನೆಗೆ ಬೆನ್ನೆಲುಬಾಗಿದ್ದರು. ಅದು ಕೈಗೂಡುವುದನ್ನು ನೋಡಲು ಅವರು ಬದುಕಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಯೋಜನೆಯ ನಕ್ಷೆ ಬಿಡಿಸಿದವರು ಇಂಜಿನಿಯರ್ ಡಿ ಲಾಟ್ಬಿನಿಯೆರ್. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಶರ್ ವೀಸ್ ಕಂಪನಿಯವು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಆ ದೈತ್ಯ ಯಂತ್ರಗಳನ್ನು ಜಲಪಾತದವರೆಗೆ ಸಾಗಿಸಿದ್ದು ಮಾತ್ರ ನಮ್ಮ ಆನೆಗಳು ಮತ್ತು ಎತ್ತಿನ ಗಾಡಿಗಳು! ಗಣಿಗೆ ಕರೆಂಟು ಮುಟ್ಟಿಸಲು ಎತ್ತುಗಳು ಬೇಕಾದವು. ಆ ಎತ್ತುಗಳ ಹಳ್ಳಿಗೆ ಕರೆಂಟು ಮುಟ್ಟಲು ಇನ್ನೂ ಎರಡು ಮೂರು ತಲೆಮಾರು ಬೇಕಾದವು.

ಯಾಕೆಂದರೆ ಆ ತಂತಿ ಜನರಿಗಾಗಿ ಎಳೆದದ್ದಲ್ಲ. ಜಾನ್ ಟೇಲರ್ ಮತ್ತು ಸನ್ಸ್ ನಡೆಸುತ್ತಿದ್ದ ಗಣಿಗೆ ಎಳೆದದ್ದು. ಮೈಸೂರು ಸರ್ಕಾರ ಅದನ್ನು ಮಾರಿ ಆದಾಯ ಪಡೆಯಿತು, ತಪ್ಪೇನಲ್ಲ. ಉಳಿದ ಶಕ್ತಿ ಬೆಂಗಳೂರಿಗೆ ಬಂತು. 1905ರ ಆಗಸ್ಟ್ 5ರಂದು ಪೇಟೆಯಲ್ಲಿ ಬೀದಿದೀಪಗಳು ಹೊತ್ತಿದವು. 1908ರಲ್ಲಿ ಮೈಸೂರಿಗೂ ಬೆಳಕು ಹೋಯಿತು. ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆ 1911ರಲ್ಲಿ ಪಾಠ ಆರಂಭಿಸಿದಾಗ ಇದ್ದ ಮೊದಲ ವಿಭಾಗಗಳಲ್ಲಿ ವಿದ್ಯುತ್ ತಂತ್ರಜ್ಞಾನದ್ದೂ ಒಂದು. ಮುಂದೆ ಈ ನಗರ ಕಾರ್ಖಾನೆಗಳ, ವಿಜ್ಞಾನದ ನಗರವಾದದ್ದರಲ್ಲಿ ಶಿವನಸಮುದ್ರದ ಪಾಲು ದೊಡ್ಡದು.

ಆದರೆ ಒಂದು ಸಂಗತಿ ನಮ್ಮನ್ನು ಕಾಡುತ್ತದೆ. ಮದರಾಸಿನಲ್ಲಿ 1895ರಲ್ಲೇ ವಿದ್ಯುತ್ ಟ್ರಾಮು ಓಡಿತ್ತು. ಮುಂಬಯಿಯಲ್ಲಿ 1925ರಲ್ಲಿ ವಿದ್ಯುತ್ ರೈಲೇ ಬಂತು. ಜಲವಿದ್ಯುತ್ತಿಗೆ ಇಷ್ಟು ಹತ್ತಿರವಿದ್ದ ಬೆಂಗಳೂರಿನಲ್ಲಿ ಟ್ರಾಮು ಬರಲೇ ಇಲ್ಲ. ವಿದ್ಯುತ್ ದೀಪದ ಕೆಳಗೆ ಜಟಕಾ ಓಡಿತು. ಆ ಜಟಕಾಗಳ ಲಗಾಮು ಹಿಡಿದವರಲ್ಲಿ ನಮ್ಮ ಸಾಬರು ಬಹಳ ಮಂದಿ. ಕೂದಲು ನರೆತ ಜಟಕಾವಾಲನೊಬ್ಬ ಹೊಸ ಬೀದಿದೀಪದ ಬೆಳಕಿನಲ್ಲಿ ಕುದುರೆಗೆ ಹುಲ್ಲು ಹಾಕುತ್ತಿರುವ ದೃಶ್ಯವನ್ನು ನಾವು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇವೆ. ಟ್ರಾಮು ಬಂದಿದ್ದರೆ ಅವನ ಅನ್ನ ಅಂದೇ ಹೋಗುತ್ತಿತ್ತು. ಬರದೆ ಇದ್ದುದರಿಂದ ಒಂದಷ್ಟು ಕಾಲ ಉಳಿಯಿತು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯ ಬಸ್ಸುಗಳು ಬಂದವು, ಆಮೇಲೆ ಆಟೋ. ವಿದ್ಯುತ್ತಿನಿಂದ ಓಡುವ ನಗರ ರೈಲು ಬೆಂಗಳೂರಿಗೆ ಬಂದದ್ದು 2011ರ ಅಕ್ಟೋಬರ್ 20ರಂದು, ಮೆಟ್ರೊ ಹೆಸರಿನಲ್ಲಿ. ಬೀದಿದೀಪ ಹೊತ್ತಿ ನೂರಕ್ಕೂ ಹೆಚ್ಚು ವರ್ಷವಾದ ಮೇಲೆ! ಅಷ್ಟರಲ್ಲಿ ಊರು ಕಂಬಿಯ ಹಂಗಿಲ್ಲದೆ ಬೇಕಾದ ಕಡೆಗೆಲ್ಲ ಹರಡಿಕೊಂಡಾಗಿತ್ತು. ಇಂದು ಟ್ರಾಫಿಕ್ಕಿನಲ್ಲಿ ಬೆವರುವವರು ಈ ಚರಿತ್ರೆಯನ್ನೂ ಸ್ವಲ್ಪ ನೆನೆಯಬಹುದು.

ನಮ್ಮ ಸೀಮೆಯ ಕಥೆ ಏನು? ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಮಾತ್ರ ಕಂಬಿಯಿಂದ ದೂರವೇ ಉಳಿದವು. ಮೊಗಲರ ಕಾಲದಲ್ಲಿ ಒಂದು ಸುಬಾದ ರಾಜಧಾನಿಯಾಗಿದ್ದ ಶಿರಾ ಕೂಡ ರೈಲಿನ ನಕ್ಷೆಯಲ್ಲಿ ಜಾಗ ಪಡೆಯಲಿಲ್ಲ. ಕೊರಟಗೆರೆ, ಮಧುಗಿರಿ, ಪಾವಗಡದ ಮೂಲಕ ಹೋಗುವ ತುಮಕೂರು–ರಾಯದುರ್ಗ ಮಾರ್ಗಕ್ಕೆ ಈ ಶತಮಾನದ ಮೊದಲ ದಶಕದಲ್ಲಿ ಮಂಜೂರಾತಿ ಸಿಕ್ಕಿತು. ಅಂದು ಹುಟ್ಟಿದ ಮಕ್ಕಳು ಓಟು ಹಾಕುವ ವಯಸ್ಸು ತಲುಪುತ್ತಿದ್ದಾರೆ.

ಈ ನಡುವೆ ದಿಕ್ಕು ತಿರುಗಿತು. ಪಾವಗಡದ ತಿರುಮಣಿ, ವಳ್ಳೂರು ಮುಂತಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಬಂತು. 2018ರಲ್ಲಿ ಉದ್ಘಾಟನೆಯಾಯಿತು. ಮಳೆಯಿಲ್ಲದ ನಾಡಿನ ಶಾಪವಾಗಿದ್ದ ಬಿಸಿಲೇ ಬೆಳೆಯಾಯಿತು. ಜಮೀನನ್ನು ಕೊಳ್ಳದೆ 28 ವರ್ಷದ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಕ್ರಮ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಕೆ. ಕಡಲೆಕಾಯಿ ಹಾಕಿ ಸಾಲವನ್ನೇ ಕಿತ್ತ ರೈತನಿಗೆ ಇದು ದೊಡ್ಡ ಸಮಾಧಾನ. ಆದರೆ ಗುತ್ತಿಗೆಯ ಹಣ ಬರುವುದು ಪಹಣಿಯಲ್ಲಿ ಹೆಸರಿರುವವರಿಗೆ. ಆ ಹೊಲಗಳಲ್ಲಿ ಕಳೆ ಕಿತ್ತು ಕೂಲಿ ಪಡೆಯುತ್ತಿದ್ದ ಹೆಂಗಸರ ಹೆಸರು, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವನ ಹೆಸರು ಯಾವ ಪಹಣಿಯಲ್ಲಿದೆ? ಪ್ಯಾನೆಲ್ ಒರೆಸುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು. ಉಳಿದವರು ಬೆಂಗಳೂರಿನ ಬಸ್ಸು ಹತ್ತಿದರು.

ಒಮ್ಮೆ ಕಾವೇರಿಯ ನೀರು ಚಿನ್ನದ ಗಣಿಗೆ ಬೆಳಕಾಗಿ ಹೋಯಿತು. ಆ ಗಣಿ 2001ರಲ್ಲಿ ಮುಚ್ಚಿತು. ಈಗ ಪಾವಗಡದ ಬಿಸಿಲು ಗ್ರಿಡ್ಡಿಗೆ ಹೋಗುತ್ತದೆ. ಒಮ್ಮೆ ಅಲ್ಲಿ ಬೆರೆತ ಮೇಲೆ ಯಾವ ಊರಿನ ಬಿಸಿಲು ಯಾವ ಊರಿನ ದೀಪವಾಯಿತೆಂದು ಗುರುತಿಸಲಾಗದು. ಬೆಂಗಳೂರಿನ ಮೆಟ್ರೊ 2024ರ ನವೆಂಬರಿನಲ್ಲಿ ತುಮಕೂರು ರಸ್ತೆಯ ಮಾದಾವರ ತಲುಪಿತು. ಅದನ್ನು ತುಮಕೂರಿನವರೆಗೂ ಎಳೆಯುವ ಮಾತೂ ನಡೆದಿದೆ. ಎಳೆದರೆ ನಮಗೆ ಸಂತೋಷವೇ. ಹೊಳವನಹಳ್ಳಿಯಿಂದ ತುಮಕೂರಿಗೆ ಬಸ್ಸು ಹಿಡಿದು ಹೋಗಿ ನಾವೂ ಒಮ್ಮೆ ಕೂತು ಬರುತ್ತೇವೆ.

ಸದ್ಯಕ್ಕೆ ಇಲ್ಲಿ ರಾತ್ರಿ ಪಾಳಿಯ ತ್ರೀಫೇಸ್ ಬರುವ ಹೊತ್ತು. ಪಕ್ಕದ ಮನೆಯ ರೈತರು ಕೈಯಲ್ಲಿ ಟಾರ್ಚು ಹಿಡಿದು, ಹಾವು ತುಳಿಯದಂತೆ ನೆಲ ನೋಡುತ್ತಾ, ಮೋಟಾರು ಹಾಕಲು ಹೊಲದ ಕಡೆ ಹೊರಟಿದ್ದಾರೆ.