ರಾಯಲ್ ಸೊಸೈಟಿಯ ಉಪನ್ಯಾಸಗಳು ಮತ್ತು ಪದಕಗಳು

1660ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿ ನೀಡುವ ಗೌರವಗಳು. ಹಲವು ಗೌರವಗಳ ಮೂಲ ಖಾಸಗಿ ದತ್ತಿಗಳು. ಹೆನ್ರಿ ಬೇಕರ್ ಬಿಟ್ಟುಹೋದ 100 ಪೌಂಡ್‌ಗಳಿಂದ 1775ರಲ್ಲಿ ಬೇಕರಿಯನ್ ಉಪನ್ಯಾಸ ಶುರುವಾಯಿತು. ಬೆಳಕಿನ ಅಲೆ ಸಿದ್ಧಾಂತದ ಪರವಾಗಿ ಥಾಮಸ್ ಯಂಗ್ 1801ರಲ್ಲಿ ವಾದಿಸಿದ್ದು ಈ ಉಪನ್ಯಾಸದಲ್ಲೇ. ಜೀವವಿಜ್ಞಾನಕ್ಕೆ ಕ್ರೂನಿಯನ್ ಉಪನ್ಯಾಸವಿದೆ.

ಪದಕಗಳಲ್ಲಿ ಹಳೆಯದು ಕಾಪ್ಲಿ; 1731ರಲ್ಲಿ ವಿದ್ಯುತ್ ಪ್ರಯೋಗಗಳಿಗಾಗಿ ಸ್ಟೀಫನ್ ಗ್ರೇಗೆ ಮೊದಲು ಸಂದಿತು. 1864ರಲ್ಲಿ ಇದು ಡಾರ್ವಿನ್ ಅವರಿಗೆ ಬಂದಾಗ, ಜೀವಜಾತಿಗಳ ಉಗಮದ ಕುರಿತ ಅವರ ಕೃತಿಯನ್ನು ಪರಿಗಣಿಸಿಲ್ಲವೆಂದು ಸಂಸ್ಥೆಯ ಅಧ್ಯಕ್ಷ ಸಬೀನ್ ಸಭೆಯಲ್ಲೇ ಹೇಳಿದರು. ಡಾರ್ವಿನ್ ಬೆಂಬಲಿಗ ಹಕ್ಸ್ಲಿ ಇದನ್ನು ಪ್ರತಿಭಟಿಸಿದರು.

ಇನ್ನೂ ನೋವಿನ ಕಥೆ ಹ್ಯೂಸ್ ಪದಕದ್ದು. ವಿದ್ಯುತ್ ಆರ್ಕ್ ಹಾಗೂ ಮರಳಿನ ಮೇಲೆ ನೀರು ಮೂಡಿಸುವ ಅಲೆಗೆರೆಗಳನ್ನು ಅಧ್ಯಯನ ಮಾಡಿದ ಹರ್ತಾ ಏರ್ಟನ್ ಅವರ ಸದಸ್ಯತ್ವವನ್ನು, ವಿವಾಹಿತ ಮಹಿಳೆಯೆಂಬ ಕಾರಣಕ್ಕೆ, ಸಂಸ್ಥೆ 1902ರಲ್ಲಿ ತಳ್ಳಿಹಾಕಿತ್ತು. ಅದೇ ಸಂಸ್ಥೆ 1906ರಲ್ಲಿ ಅವರಿಗೆ ಹ್ಯೂಸ್ ಪದಕ ಕೊಟ್ಟಿತು. ಸದಸ್ಯತ್ವ ಮಾತ್ರ ಅವರಿಗೆ ಕೊನೆಗೂ ದಕ್ಕಲಿಲ್ಲ. ಈ ಅನ್ಯಾಯಕ್ಕೆ ಪದಕ ಪರಿಹಾರವಾಗಲಾರದು. ಮುಂದೆ ಭಾರತೀಯರಿಗೂ ಹ್ಯೂಸ್ ಪದಕ ಸಂದಿತು: 1930ರಲ್ಲಿ ಸಿ. ವಿ. ರಾಮನ್, 2000ದಲ್ಲಿ ಬೆಂಗಳೂರಿನ ಸಿ. ಎನ್. ಆರ್. ರಾವ್ ಇದನ್ನು ಪಡೆದರು.